‘ನಿಮ್ಮಲ್ಲಿ ಸ್ಟಾಫ್ ಎಷ್ಟಿದ್ದಾರೆ?’ ಅನ್ನುವವರಿಗೆ

ವೃದ್ಧಾಶ್ರಮ ನೋಡಲು ಬಂದವರು ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ಕೊಟ್ಟ ನೀರು ಕುಡಿಯುವ ಮೊದಲೇ ಕೇಳುವ ಪ್ರಶ್ನೆ ಇದು: ‘ನಿಮ್ಮಲ್ಲಿ ಸ್ಟಾಫ್ ಎಷ್ಟಿದ್ದಾರೆ?’ ಫೋನಿನಲ್ಲೂ ಇದೇ, ವಾಟ್ಸಾಪಿನಲ್ಲೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಈ ಬರಹವನ್ನೇ ಕಳಿಸುತ್ತೇನೆ.

ಉತ್ತರ ಹೀಗಿದೆ. 40 ಹಿರಿಯರಿದ್ದು, ಅವರಲ್ಲಿ 12 ಮಂದಿ ಹಾಸಿಗೆ ಹಿಡಿದಿರುವ ಮನೆಯನ್ನು ಸರಿಯಾಗಿ ನಡೆಸಬೇಕಾದರೆ ಸಂಬಳದ ಪಟ್ಟಿಯಲ್ಲಿ ಸುಮಾರು 43 ಹೆಸರು ಇರಬೇಕು. ಆದರೆ ಆ 43 ಎಂಬ ಸಂಖ್ಯೆ ನಿಮ್ಮ ಅಮ್ಮನ ಬಗ್ಗೆ ನಿಮಗೆ ಏನನ್ನೂ ಹೇಳುವುದಿಲ್ಲ.

ಪ್ರಶ್ನೆಯಿಂದ ನನಗೆ ಬೇಸರವಿಲ್ಲ, ಕೇಳುವ ಧಾಟಿಯಿಂದ ಇದೆ. ‘ಒಬ್ಬರಿಗೆ ಒಬ್ಬರು ಆಯಾ ಇರ್ತಾರಾ?’ ಎನ್ನುತ್ತಾರೆ. ‘ಇಷ್ಟು ದುಡ್ಡು ತಗೊಳ್ತೀರಿ, ಕಣ್ಣಿಗೆ ಏಳೇ ಜನ ಕಾಣ್ತಿದ್ದಾರಲ್ಲ?’ ಎನ್ನುತ್ತಾರೆ. ಎಲ್ಲಕ್ಕಿಂತ ನೋವಾಗುವುದು ಇದಕ್ಕೆ: ‘ಇವರೆಲ್ಲ ಸುಮ್ಮನೆ ಕೂತಿದ್ದಾರಲ್ಲ, ಕೆಲಸ ಇಲ್ವಾ?’ ಇದನ್ನು ಕೇಳುವವರು ಬಹಳ ಮಟ್ಟಿಗೆ ಭಾನುವಾರ ಸಂಜೆ 4 ಗಂಟೆಗೆ ಬಂದವರು. ಅಷ್ಟು ಹೊತ್ತಿಗೆ ಹಿರಿಯರು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಿರುತ್ತಾರೆ, ಕಾಫಿ ಕೊಟ್ಟಾಗಿರುತ್ತದೆ, ಸಂಜೆಯ ಮಾತ್ರೆಗೆ ಇನ್ನೂ ಹೊತ್ತಿರುತ್ತದೆ. ಇಡೀ ದಿನದಲ್ಲಿ ಆರೈಕೆಯವರು ಗೋಡೆಗೆ ಬೆನ್ನು ಕೊಟ್ಟು ಕೂರುವುದು ಆ ಇಪ್ಪತ್ತು ನಿಮಿಷ ಮಾತ್ರ. ನೀವು ಬಂದದ್ದು ಅದೇ ಇಪ್ಪತ್ತು ನಿಮಿಷದಲ್ಲಿ. ಬೆಳಿಗ್ಗೆ 6:30ಕ್ಕೆ ಬನ್ನಿ. ಆಗ ನಿಮಗೆ ಕುರ್ಚಿ ಹಾಕಲು ಒಬ್ಬರೂ ಸಿಗುವುದಿಲ್ಲ.

‘ಒಬ್ಬರಿಗೆ ಒಬ್ಬರು’ ಎಂಬ ಮಾತನ್ನು ಮೊದಲು ಲೆಕ್ಕಕ್ಕೆ ಹಚ್ಚೋಣ. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿಯಬಹುದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಮಾಮೂಲಿ ದುಡಿಮೆಗೆ ಇಟ್ಟಿರುವ ಮಿತಿ ಅದೇ, ದಿನಕ್ಕೆ 9, ವಾರಕ್ಕೆ 48. ಹಾಗಾಗಿ ಒಂದು ಹಾಸಿಗೆಯ ಪಕ್ಕ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ಮೂರೂವರೆ ಜನ ಬೇಕು. ಜ್ವರ, ಊರಹಬ್ಬ, ಮಗುವಿನ ನಾಮಕರಣ ಎಲ್ಲ ಸೇರಿಸಿದರೆ 4. ಅಂದರೆ 40 ಹಿರಿಯರಿಗೆ ‘ಒಬ್ಬರಿಗೆ ಒಬ್ಬರು’ ಕೊಡಲು 160 ಜನ ಆರೈಕೆಯವರು ಬೇಕು. ಒಬ್ಬರಿಗೆ ಒಬ್ಬರು ಇದ್ದಾರೆ ಎಂದು ಯಾರಾದರೂ ನಿಮಗೆ ಮಾತು ಕೊಟ್ಟರೆ, ಆ 160 ಜನ ರಾತ್ರಿ ಎಲ್ಲಿ ಮಲಗುತ್ತಾರೆ, ಎಲ್ಲಿ ಊಟ ಮಾಡುತ್ತಾರೆ ಎಂದು ಕೇಳಿ.

ಈಗ 43 ಹೇಗೆ ಬಂತು ನೋಡಿ. ಬೆಳಿಗ್ಗೆ 6ರಿಂದ 2ರವರೆಗೆ ಏಳು ಜನ, ಮಧ್ಯಾಹ್ನ 1ರಿಂದ ರಾತ್ರಿ 9ರವರೆಗೆ ಐದು ಜನ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಾಲ್ಕು ಜನ. ಗಂಟೆಯ ಲೆಕ್ಕದಲ್ಲಿ 56, 40, 36. ದಿನಕ್ಕೆ 132, ವಾರಕ್ಕೆ 924. 48ರಿಂದ ಭಾಗಿಸಿದರೆ 19 ಚಿಲ್ಲರೆ. ರಜೆಗೆಂದು ನೂರಕ್ಕೆ ಹನ್ನೆರಡರಷ್ಟು ಬಿಟ್ಟರೆ 22 ಜನ. ಪ್ರತಿ ಪಾಳಿಗೆ ಒಬ್ಬ ನರ್ಸ್ ಇರಬೇಕಾದರೆ 5. ಅಡುಗೆಯವರು, ಅವರ ಕೈಕೆಳಗಿನವರು ಸೇರಿ 5. ನೆಲ ಒರೆಸಲು, ಬಟ್ಟೆ ಒಗೆಯಲು 5. ಗೇಟಿಗೆ 4. ಮೇಲ್ವಿಚಾರಕಿ ಒಬ್ಬರು, ಅವರ ರಜೆಯ ದಿನ ನಿಲ್ಲಲು ಇನ್ನೊಬ್ಬರು. ಪಟ್ಟಿಯಲ್ಲಿ 43 ಹೆಸರಿದ್ದರೂ ನಿಮ್ಮ ಕಣ್ಣಿಗೆ ಬೀಳುವುದು 7 ಜನ, ಅದೂ ಬೆಳಗಿನ ಪಾಳಿಯಲ್ಲಿ ಬಂದರೆ. ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಹೋಗುವುದು ನಿಮ್ಮ ಕಣ್ಣಿಗೆ ಬೀಳದ ಉಳಿದವರಿಗೆ. ಸಂಬಳದ ಮೇಲೆ ಪಿಎಫ್ 12 ಪರ್ಸೆಂಟ್, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ 3.25 ಪರ್ಸೆಂಟ್. ಇದು ಕಟ್ಟುವವರ ಬಿಲ್ಲಿಗೂ ಕಟ್ಟದವರ ಬಿಲ್ಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಇದೇ ಮನೆಯನ್ನು 12 ಗಂಟೆಯ ಪಾಳಿಯಲ್ಲಿ, ವಾರಕ್ಕೆ ಆರು ದಿನ ದುಡಿಸಿದರೆ 22ರ ಬದಲು 15 ಆರೈಕೆಯವರು ಸಾಕು. ಬಹಳ ಕಡೆ ನಡೆಯುವುದು ಹೀಗೇ. ಎಂಟಕ್ಕೆ ಬಂದು ಎಂಟಕ್ಕೆ ಹೋಗುವುದು. ಮೊದಲ ವಾರ ನಿಮಗೆ ಏನೂ ತಿಳಿಯುವುದಿಲ್ಲ. ಹತ್ತನೇ ಗಂಟೆಯ ಹೊತ್ತಿಗೆ ಎರಡು ಜನ ಸೇರಿ ಎತ್ತಬೇಕಾದ ಮೈಯನ್ನು ಒಬ್ಬರೇ ಎಳೆಯಲು ಶುರುಮಾಡುತ್ತಾರೆ. ಮೈ ಎಳೆದಾಗ ಚರ್ಮ ಹಾಸಿಗೆಗೆ ಅಂಟಿ ಹಿಂದೆ ಉಳಿಯುತ್ತದೆ, ಒಳಗಿನ ಮೂಳೆ ಮುಂದೆ ಸರಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಜಗ್ಗಿ ಮುಚ್ಚಿಹೋಗುತ್ತವೆ. ಹಾಸಿಗೆ ಹುಣ್ಣಿಗೆ ದಾರಿಯಾಗುವುದು ಹೀಗೆ. ಸೊಂಟದ ಕೆಳಗೆ ಅಡ್ಡಲಾಗಿ ಒಂದು ಮಡಿಸಿದ ಬೆಡ್‌ಶೀಟ್ ಹಾಸಿ, ಆಚೆ ಈಚೆ ಇಬ್ಬರು ಹಿಡಿದು ಎತ್ತಿ ಸರಿಸಿದರೆ ಹೀಗಾಗುವುದಿಲ್ಲ. ಆ ಎರಡನೇ ಮನುಷ್ಯನಿಗೆ ಸಂಬಳ ಕೊಡುತ್ತೀರಾ ಇಲ್ಲವಾ ಎನ್ನುವುದೇ ವಿಷಯ.

ರಾತ್ರಿಗೆ ನಾಲ್ಕು ಜನ ಜಾಸ್ತಿ ಆಯ್ತಲ್ಲ, ಎಲ್ಲರೂ ಮಲಗಿರ್ತಾರಲ್ಲ ಎಂದು ಕೇಳುವವರಿದ್ದಾರೆ. ಹಾಸಿಗೆ ಹಿಡಿದ 12 ಜನರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ 10, 12, 2, 4. ಅಲ್ಲಿಗೆ 48 ಸಲ. ಒಣಗಿದ್ದರೆ ಐದು ನಿಮಿಷ, ಡೈಪರ್ ಬದಲಿಸಬೇಕಾದರೆ ಹತ್ತು. ಅರ್ಧದಷ್ಟು ಸಲ ಬದಲಿಸಬೇಕಾಯಿತು ಎಂದುಕೊಂಡರೂ ಇಬ್ಬರ ಒಂದು ಜೋಡಿಗೆ ಆರು ಗಂಟೆಯ ಕೆಲಸ. ಉಳಿದ ಮೂರು ಗಂಟೆಯಲ್ಲಿ ಅವರು ಯೂರಿನ್ ಬ್ಯಾಗ್ ಖಾಲಿ ಮಾಡಬೇಕು, ಬರೆದಿಡಬೇಕು, ಊಟ ಮಾಡಬೇಕು. ಮೂರನೆಯವರು ಬಾತ್‌ರೂಮಿಗೆ ಏಳುವವರ ಕೈ ಹಿಡಿಯಲು. ನಾಲ್ಕನೆಯವರು ಮರೆವಿನ ಕಾಯಿಲೆ ಇರುವವರ ಕಾರಿಡಾರಿಗೆ. ಅಲ್ಲಿ ರಾತ್ರಿ ಒಂದು ಗಂಟೆಗೆ ಒಬ್ಬರು ಎದ್ದು ಸೀರೆ ಉಟ್ಟು ಚೀಲ ಹಿಡಿದು ‘ಬಸ್ಸು ಬಂತು’ ಎಂದು ಬಾಗಿಲ ಬಳಿ ನಿಂತಿರುತ್ತಾರೆ. ಅವರ ಜೊತೆ ವಾದಿಸಬಾರದು. ಬಸ್ಸು ಲೇಟಂತೆ ಅಮ್ಮ, ಅಲ್ಲೀವರೆಗೂ ಕೂರಿ ಎಂದು ಪಕ್ಕದಲ್ಲಿ ಕೂತು ಬಿಸಿ ಹಾಲು ಕೊಟ್ಟರೆ ಅರ್ಧ ಗಂಟೆಗೆ ನಿದ್ದೆ ಬರುತ್ತದೆ. ಆ ಅರ್ಧ ಗಂಟೆ ಅವರ ಜೊತೆ ಕೂರಲು ಒಬ್ಬರು ಬಿಡುವಾಗಿ ಇರಬೇಕು. ಬಿಡುವಿಲ್ಲದ ಮನೆಯಲ್ಲಿ ಅದೇ ಅಜ್ಜಿಗೆ ನಿದ್ದೆ ಮಾತ್ರೆ ಬೀಳುತ್ತದೆ, ಬೆಳಿಗ್ಗೆ ಅದೇ ಮಂಪರಿನಲ್ಲಿ ಎದ್ದು ಬೀಳುತ್ತಾರೆ.

ರಾತ್ರಿ ನಾಲ್ಕರ ಬದಲು ಇಬ್ಬರಿದ್ದರೆ ಮೊದಲು ತಪ್ಪುವುದು 2 ಗಂಟೆಯ ಮತ್ತು 4 ಗಂಟೆಯ ಮಗ್ಗುಲು. ಹಾಳೆಯಲ್ಲಿ ಮಾತ್ರ ತಪ್ಪುವುದಿಲ್ಲ. ಮಗ್ಗುಲು ಬದಲಿಸಿದ ಹಾಳೆಯನ್ನು ತೋರಿಸಿ ಎಂದು ಕೇಳಿ ನೋಡಿ. 10:00, 12:00, 2:00, 4:00 ಎಂದು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, 12 ಜನರಿಗೂ ಒಂದೇ ಹೊತ್ತು ಬರೆದಿದ್ದರೆ ಅದು ಬೆಳಿಗ್ಗೆ ಐದೂವರೆಗೆ ಕೂತು ತುಂಬಿಸಿದ ಹಾಳೆ. ನಿಜವಾಗಿ ತಿರುಗಿಸಿದವರ ಹಾಳೆಯಲ್ಲಿ 2:10 ಇರುತ್ತದೆ, 2:25 ಇರುತ್ತದೆ, ‘ಎಡಗಡೆ ಒಪ್ಪಲಿಲ್ಲ, ನೋವು ಅಂದರು’ ಎಂದಿರುತ್ತದೆ. ಒಂದು ಮೂಲೆಯಲ್ಲಿ ಹಾಲಿನ ಲೋಟದ ಗುರುತೂ ಇರಬಹುದು. ಅಂಥ ಹಾಳೆಯನ್ನು ನಾನು ನಂಬುತ್ತೇನೆ.

ಇಲ್ಲಿ ಯಾರಾದರೂ ‘ಏರ್‌ಬೆಡ್ ತಂದುಕೊಡ್ತೀವಿ ಬಿಡಿ’ ಎನ್ನುತ್ತಾರೆ. ತನ್ನಿ, ಒಳ್ಳೆಯದು. ಅದು ಇದ್ದರೂ ಮಗ್ಗುಲು ತಿರುಗಿಸುವುದು ತಪ್ಪುವುದಿಲ್ಲ. ಗಾಳಿ ಸಾಕಷ್ಟಿದೆಯಾ ಎಂದು ಸೊಂಟದ ಕೆಳಗೆ, ಹಾಸಿಗೆಯ ಅಡಿಗೆ ಅಂಗೈ ತೂರಿಸಿ ನೋಡಬೇಕು. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಕರೆಂಟು ಹೋದಾಗ ಪಂಪು ನಿಂತು ಹಾಸಿಗೆ ಕುಸಿಯುತ್ತದೆ, ಆದ್ದರಿಂದ ಆ ಪ್ಲಗ್ಗು ಯುಪಿಎಸ್ ಲೈನಿನಲ್ಲಿ ಇರಬೇಕು. ಪೂರ್ತಿ 90 ಡಿಗ್ರಿ ಮಗ್ಗುಲಿಗೆ ಮಲಗಿಸಿದರೆ ಭಾರವೆಲ್ಲ ತೊಡೆಯ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟೇ ಓರೆ ಮಾಡಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು. ಬೆನ್ನ ಕೆಳಗಿನ ಮೂಳೆಯ ಜಾಗ ಕೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಯಾಗದಿದ್ದರೆ ಹುಣ್ಣು ಆಗಲೇ ಶುರುವಾಗಿದೆ. ಕಪ್ಪು ಮೈಯವರಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಎಂದು ಕೈಯಿಂದಲೇ ಮುಟ್ಟಿ ನೋಡಬೇಕು. ನೀವು ‘ಒರೆಸೋದು, ತೊಳೆಯೋದು ತಾನೆ’ ಎನ್ನುತ್ತೀರಲ್ಲ, ಆ ಹೆಣ್ಣುಮಗಳೇ ಇದನ್ನು ನರ್ಸಿಗಿಂತ ಮೊದಲು ಕಂಡುಹಿಡಿಯುವುದು. ಹೆಂಗಸರನ್ನು ಶುಚಿ ಮಾಡುವಾಗ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ತಿರುಗುಮುರುಗಾದರೆ ಮೂತ್ರದ ಸೋಂಕು. ಮುದಿ ವಯಸ್ಸಿನಲ್ಲಿ ಆ ಸೋಂಕಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ಮಗಳನ್ನು ಅತ್ತಿಗೆ ಎಂದು ಕರೆಯುತ್ತಾರೆ. ‘ಅಜ್ಜಿ ಇವತ್ತು ಒಂಥರಾ ಇದ್ದಾರೆ ಸಿಸ್ಟರ್’ ಎಂದು ಬೆಳಿಗ್ಗೆ ಬಂದು ಹೇಳುವವರು ಆರೈಕೆಯವರೇ. ಅದನ್ನು ಹೇಳಲು ಅವಳಿಗೆ ಅಜ್ಜಿ ನಿನ್ನೆ ಹೇಗಿದ್ದರು ಎಂದು ಗೊತ್ತಿರಬೇಕು.

ಬೆಳಗಿನ ಕೆಲಸಕ್ಕೆ ಬರುತ್ತೇನೆ. ಪೂರ್ತಿ ಆಸರೆ ಬೇಕಾದವರ ಸ್ನಾನಕ್ಕೆ ಅರ್ಧ ಗಂಟೆ, ಅರ್ಧ ಆಸರೆಯವರಿಗೆ ಕಾಲು ಗಂಟೆ. 12 ಮತ್ತು 16 ಜನ ಎಂದರೆ ಹತ್ತು ಗಂಟೆಯ ಕೆಲಸ. ತಿಂಡಿ, ಮಾತ್ರೆ, ಹಾಸಿಗೆ ಹಾಸುವುದರ ನಡುವೆ ಇಷ್ಟು ಎಂಟೂವರೆಯೊಳಗೆ ಮುಗಿಯುವುದಿಲ್ಲ. ಮುಗಿದಿದೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಸ್ನಾನ ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿ. ಬೆಳಗಿನ ಪಾಳಿಗೆ ಜನ ಸಾಲದ ಮನೆಗಳಲ್ಲಿ ರಾತ್ರಿಯವರು ನಾಲ್ಕು ಗಂಟೆಗೇ ಎಬ್ಬಿಸಿ ನೀರು ಹಾಕುತ್ತಾರೆ. ಎಂಬತ್ತು ದಾಟಿದವರನ್ನು ಡಿಸೆಂಬರಿನ ಚಳಿಯಲ್ಲಿ, ಕತ್ತಲೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಬಂದವರಿಗೆ ಎಲ್ಲರೂ ಪೌಡರು ಹಚ್ಚಿಕೊಂಡು, ತಲೆ ಬಾಚಿಕೊಂಡು ಸಾಲಾಗಿ ಕೂತಿರುವುದು ಕಂಡು ‘ಎಷ್ಟು ಶಿಸ್ತು’ ಅನಿಸುತ್ತದೆ. ನನಗೆ ಅದನ್ನು ಕಂಡರೆ ಹೊಟ್ಟೆ ಕಿವುಚುತ್ತದೆ. ಸ್ನಾನವನ್ನು ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ ಹಂಚಬಹುದು. ತೀರಾ ಬಲಹೀನರಿಗೆ ದಿನ ಬಿಟ್ಟು ದಿನ ಸ್ನಾನ, ನಡುವಿನ ದಿನ ಮೈ ಒರೆಸಿದರೂ ಸಾಕು. ಹತ್ತು ಗಂಟೆಗೆ ಒಬ್ಬ ತಾತ ಇನ್ನೂ ಲುಂಗಿಯಲ್ಲೇ ಕೂತು ಪೇಪರ್ ಓದುತ್ತಿದ್ದರೆ ದಯವಿಟ್ಟು ದೂರು ಕೊಡಬೇಡಿ.

ಊಟವೂ ಹಾಗೆಯೇ, ಬಡಿಸಿ ಬಂದರೆ ಮುಗಿಯುವುದಿಲ್ಲ. ಬಾಯಿಗೆ ತುತ್ತು ಕೊಡಬೇಕಾದವರಿಗೆ ಅರ್ಧ ಗಂಟೆ ಬೇಕು, ಒಬ್ಬ ಆರೈಕೆಯವರು ಒಂದು ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಜನರಿಗೆ ತಿನ್ನಿಸಬಾರದು. ಕೊಡುವವರು ನಿಂತಿರಬಾರದು, ಎದುರು ಕೂತಿರಬೇಕು. ನಿಂತು ಕೊಟ್ಟರೆ ಹಿರಿಯರು ಕತ್ತೆತ್ತಿ ನುಂಗುತ್ತಾರೆ, ಅನ್ನ ಶ್ವಾಸನಾಳಕ್ಕೆ ಜಾರುತ್ತದೆ. ಹಾಸನ, ಮಂಡ್ಯದ ಕಡೆಯವರು ಮುದ್ದೆ ಬೇಕೇ ಬೇಕು ಎನ್ನುತ್ತಾರೆ. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದು. ನುಂಗುವ ಶಕ್ತಿ ಕುಂದಿದಾಗ ಅದು ಗಂಟಲಲ್ಲೇ ನಿಲ್ಲುತ್ತದೆ. ಅದೇ ರಾಗಿಯನ್ನು ಚಮಚದಿಂದ ನಿಧಾನಕ್ಕೆ ಜಾರುವಷ್ಟು ಗಟ್ಟಿ ಗಂಜಿ ಮಾಡಿ, ಸೊಪ್ಪಿನ ಸಾರಿನ ರುಚಿ ಹಾಕಿ ಕೊಡಬಹುದು. ಮನೆಯವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವೆಂದರೆ, ಪಾರ್ಶ್ವವಾಯು ಆದವರಲ್ಲಿ ಗಟ್ಟಿ ಪದಾರ್ಥಕ್ಕಿಂತ ನೀರು, ಕಾಫಿ, ತಿಳಿಸಾರು ಹೆಚ್ಚು ಅಪಾಯ. ತೆಳು ಪದಾರ್ಥ ಗಂಟಲಲ್ಲಿ ಬೇಗ ಓಡುತ್ತದೆ, ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಒಳಗೆ ಇಳಿಯುತ್ತದೆ. ಕುಡಿದ ಮೇಲೆ ದನಿ ಒದ್ದೆಯಾಗಿ ಗೊರಗೊರ ಅಂದರೆ ನಿಲ್ಲಿಸಬೇಕು. ಊಟವಾದ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸಬೇಕು. ಭೇಟಿಗೆ ಬಂದವರು ಮಲಗಿರುವವರ ಬಾಯಿಗೆ ಪ್ರೀತಿಯಿಂದ ಎಳನೀರು ಬಿಟ್ಟು ಹೋಗುತ್ತಾರೆ, ಮೂರನೇ ದಿನ ನ್ಯುಮೋನಿಯ ಬರುತ್ತದೆ.

ಮಾತ್ರೆಯದು ನರ್ಸಿನ ಕೆಲಸ, ಅದಕ್ಕೂ ಹೊತ್ತಿನ ಹಂಗಿದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು; ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದಕ್ಕೆ ನಾಲ್ಕು ಗಂಟೆ ದೂರ. ಪಾರ್ಕಿನ್ಸನ್ ಮಾತ್ರೆ ಅರ್ಧ ಗಂಟೆ ತಡವಾದರೆ ಮನುಷ್ಯ ನಿಂತಲ್ಲೇ ಕಂಬವಾಗಬಹುದು. ಶುಗರ್ 70ಕ್ಕಿಂತ ಕೆಳಗೆ ಹೋದರೆ, ಎಚ್ಚರವಿದ್ದು ನುಂಗುವಂತಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ರಾತ್ರಿ 8ಕ್ಕೆ ಇಡೀ ಮನೆಯ ಮಾತ್ರೆ ಕೊಡುವ ಹೊತ್ತಿನಲ್ಲಿ ವಿದೇಶದಲ್ಲಿರುವ ಮಕ್ಕಳಿಂದ ವಿಡಿಯೊ ಕಾಲ್ ಬರುತ್ತದೆ, ‘ಸಿಸ್ಟರ್, ಅಮ್ಮನ ಮುಖ ತೋರಿಸಿ’ ಅಂತ. ತೋರಿಸುವುದು ನಮಗೂ ಸಂತೋಷ. ಆದರೆ ಆ ಹದಿನೈದು ನಿಮಿಷದಲ್ಲಿ ಯಾರ ಮಾತ್ರೆ ಯಾರ ಬಟ್ಟಲಿಗೆ ಎಂಬ ಎಣಿಕೆ ತಪ್ಪುತ್ತದೆ. ನಮ್ಮ ಬೆಳಿಗ್ಗೆ 11 ಗಂಟೆಗೆ ಮಾಡಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಗ ರಾತ್ರಿ ಹತ್ತೂವರೆ, ಅಮ್ಮನೂ ಸ್ನಾನ ಮುಗಿಸಿ ಗೆಲುವಾಗಿರುತ್ತಾರೆ.

‘ಸರ್ಕಾರದ ರೂಲ್ಸ್ ಏನು ಹೇಳುತ್ತೆ?’ ಎಂದು ಕೇಳುವವರೂ ಇದ್ದಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 19ನೇ ಕಲಂ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ರಾತ್ರಿ ಎಷ್ಟು ಜನ ಎಚ್ಚರವಿರಬೇಕು ಎಂದು ಆ ಕಲಂ ಹೇಳುವುದಿಲ್ಲ, ಗುಣಮಟ್ಟ ಗೊತ್ತುಮಾಡುವುದನ್ನು ರಾಜ್ಯಗಳಿಗೆ ಬಿಟ್ಟಿದೆ. ಎಲ್ಲಿಯಾದರೂ ಹಿರಿಯರನ್ನು ಹಿಂಸಿಸುತ್ತಿದ್ದಾರೆ ಎಂದು ಅನುಮಾನ ಬಂದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಸಹಾಯವಾಣಿ. ಉಳಿದದ್ದನ್ನು ನೀವೇ ಕಣ್ಣಿಟ್ಟು ನೋಡಬೇಕು.

ಅದಕ್ಕೇ ಎಷ್ಟು ಜನ ಎನ್ನುವುದಕ್ಕಿಂತ ಬೇರೆ ಪ್ರಶ್ನೆಯನ್ನು ನೀವು ಕೇಳಬೇಕಿತ್ತು ಅನಿಸುತ್ತದೆ. ‘ರಾತ್ರಿ ಎರಡು ಗಂಟೆಗೆ ಎಚ್ಚರ ಇರೋರು ಯಾರು? ಅವರು ಈ ಮನೆಗೆ ಬಂದು ಎಷ್ಟು ತಿಂಗಳಾಯ್ತು?’

ಈ ಕೆಲಸಕ್ಕೆ ಬರುವವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಒಡಿಶಾ, ಜಾರ್ಖಂಡ್, ಅಸ್ಸಾಮಿನವರು. ಏಜೆನ್ಸಿಯ ಮೂಲಕ ಬಂದವರ ಸಂಬಳದಲ್ಲಿ ಏಜೆನ್ಸಿಗೆ ಪಾಲು ಹೋಗುತ್ತದೆ, ಇನ್ನೂ ಸಾವಿರ ರೂಪಾಯಿ ಹೆಚ್ಚು ಕೊಡುವ ಮನೆ ಸಿಕ್ಕಿದರೆ ಹೊರಡುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ಅವರನ್ನು ಉಳಿಸಿಕೊಳ್ಳಲು ಬೇಕಾದದ್ದು ಸರಳವಾಗಿಯೇ ಇದೆ: ತಿಂಗಳ ಒಂದನೇ ತಾರೀಕಿಗೆ ಸಂಬಳ, ಹಿರಿಯರಿಗೆ ಮಾಡಿದ ಅಡುಗೆಯೇ ಅವರಿಗೂ, ಬಾಗಿಲು ಚಿಲಕ ಹಾಕಿಕೊಳ್ಳುವಂಥ ಮಲಗುವ ಕೋಣೆ, ಬೇರೆ ಬಾತ್‌ರೂಮು, ವಾರಕ್ಕೊಂದು ರಜೆ ಮತ್ತು ಆ ರಜೆಯ ದಿನ ಫೋನ್ ಮಾಡಿ ಕರೆಯದಿರುವುದು. ಮರೆವಿನ ಕಾಯಿಲೆಯವರಿಗೆ ಮುಖ ಬದಲಾಗುತ್ತಿದ್ದರೆ ದಿಗಿಲು. ಪ್ರತಿ ತಿಂಗಳು ಹೊಸಬರು ಸೀರೆಗೆ ಕೈ ಹಾಕಿದರೆ ಯಾವ ಹೆಣ್ಣುಮಗಳು ಸುಮ್ಮನಿರುತ್ತಾಳೆ? ಹೊಡೆಯುತ್ತಾರೆ, ಪರಚುತ್ತಾರೆ. ಅದಕ್ಕೆ ‘ತುಂಬಾ ಅಗ್ರೆಸಿವ್’ ಎಂದು ಫೈಲಿನಲ್ಲಿ ಬರೆಯುತ್ತಾರೆ. ಒಂದೇ ಕೈಗೆ ಆರು ತಿಂಗಳು ಬಿಟ್ಟು ನೋಡಿ, ಆ ಪರಚುವುದು ಎಷ್ಟೋ ಕಡಿಮೆಯಾಗುತ್ತದೆ.

ಭಾಷೆಯೂ ಇದೆ. ಮರೆವು ಹೆಚ್ಚಿದಂತೆ ಕೊನೆಗೆ ಕಲಿತ ಭಾಷೆ ಮೊದಲು ಹೋಗುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರು ತುಳುವಿಗೋ ಕೊಂಕಣಿಗೋ ಮರಳುತ್ತಾರೆ. ಜಾರ್ಖಂಡಿನ ಹುಡುಗಿಗೆ ಮೊದಲ ವಾರ ಕಲಿಸಬೇಕಾದದ್ದು ಬಿಪಿ ನೋಡುವುದಲ್ಲ, ‘ನೋವಾ? ಎಲ್ಲಿ? ನೀರು ಬೇಕಾ? ಬಾತ್‌ರೂಮಾ? ಚಳೀನಾ? ನಾನಿದ್ದೀನಿ’ ಎಂಬಂಥ ಇಪ್ಪತ್ತು ಮಾತು. ಅದನ್ನು ಅವಳ ಲಿಪಿಯಲ್ಲಿ ಬರೆದು ಜೇಬಿಗೆ ಹಾಕಿಕೊಡಬೇಕು. ಯಾರನ್ನು ಏನೆಂದು ಕರೆಯಬೇಕು ಎನ್ನುವುದು ಹಾಸಿಗೆಯ ತಲೆಯ ಬಳಿ ಬರೆದಿರಬೇಕು. ಎಲ್ಲರಿಗೂ ‘ಅಜ್ಜಿ’, ‘ತಾತ’ ಹಿಡಿಸುವುದಿಲ್ಲ. ನಿವೃತ್ತ ಮೇಷ್ಟ್ರಿಗೆ ‘ಮೇಷ್ಟ್ರೇ’ ಎಂದರೆ ಮಾತ್ರ ಬಾಯಿ ತೆರೆಯುತ್ತಾರೆ.

ಇದನ್ನೆಲ್ಲ ನಡೆಸುವವರು ಮೇಲ್ವಿಚಾರಕಿ. ಕಟ್ಟಡ ಯಾರದ್ದು, ಟ್ರಸ್ಟಿ ಯಾರು ಎಂದು ಕೇಳುತ್ತೀರಿ, ಈ ಹೆಂಗಸಿನ ಹೆಸರು ಕೇಳುವುದಿಲ್ಲ. ಪಾಳಿ ಬದಲಾಗುವಾಗ ಹದಿನೈದು ನಿಮಿಷ ಎರಡೂ ಕಡೆಯವರು ಹಾಸಿಗೆಯಿಂದ ಹಾಸಿಗೆಗೆ ನಡೆದು ಒಬ್ಬೊಬ್ಬರ ಬಗ್ಗೆ ಹೇಳಿಕೊಳ್ಳುವಂತೆ ಮಾಡುವವರು ಅವರು. ಆ ಹದಿನೈದು ನಿಮಿಷಕ್ಕೂ ಸಂಬಳ ಕೊಡಿಸುವವರೂ ಅವರೇ ಆಗಿರಬೇಕು. ತಿಂಗಳಿಗೆ ಎರಡು ಮೂರು ಸಲ ಹೇಳದೆ ಕೇಳದೆ ರಾತ್ರಿ ಎರಡೂವರೆಗೆ ಬರಬೇಕು. ಬಂದಾಗ ಯಾರಾದರೂ ತೂಕಡಿಸುತ್ತಿದ್ದರೆ ಮೊದಲು ಕೇಳಬೇಕಾದದ್ದು ‘ನಿನ್ನೆ ಹಗಲೂ ಡ್ಯೂಟಿ ಮಾಡಿದ್ಯಾ?’ ಅಂತ. ಉತ್ತರ ಹೌದಾದರೆ ತಪ್ಪು ಡ್ಯೂಟಿ ಚಾರ್ಟ್ ಹಾಕಿದವರದು.

ಹಿರಿಯರು ಬಿದ್ದಾಗ ಮೇಲ್ವಿಚಾರಕಿಯ ಯೋಗ್ಯತೆ ತಿಳಿಯುತ್ತದೆ. ಬಿದ್ದವರನ್ನು ತಟ್ಟನೆ ಎತ್ತಬಾರದು. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿದೆ. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ತಲೆ ತಾಗಿದ್ದರೆ, ಎದ್ದು ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಇದೆಲ್ಲ ಆಗಬೇಕಾದರೆ ಬಿದ್ದ ವಿಷಯ ಕೂಡಲೇ ಮೇಲ್ವಿಚಾರಕಿಗೆ ತಿಳಿಯಬೇಕು. ಕೆಲವು ಕಡೆ ಯಾರಾದರೂ ಬಿದ್ದರೆ ಡ್ಯೂಟಿಯಲ್ಲಿದ್ದವರ ಸಂಬಳದಲ್ಲಿ ಐನೂರು ರೂಪಾಯಿ ಹಿಡಿಯುತ್ತಾರೆ. ಅದರಿಂದ ಬೀಳುವುದು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಮೆಲ್ಲಗೆ ಎತ್ತಿ ಮಲಗಿಸಿ, ಎಣ್ಣೆ ಹಚ್ಚಿ, ಬೆಳಗಾಗಲಿ ಎಂದು ಕಾಯುತ್ತಾರೆ. ಐನೂರು ರೂಪಾಯಿ ಹಿಡಿದ ಮನೆಯಲ್ಲಿ ಮುರಿದ ಸೊಂಟದ ಮೇಲೆ ರಾತ್ರಿಯಿಡೀ ಮಲಗಿದವರಿರುತ್ತಾರೆ. ‘ಕಳೆದ ವರ್ಷ ಇಲ್ಲಿ ಎಷ್ಟು ಜನ ಬಿದ್ದರು?’ ಎಂದು ಕೇಳಿ. ಒಬ್ಬರೂ ಇಲ್ಲ ಎಂದರೆ ಒಂದೋ ಯಾರನ್ನೂ ನಡೆಯಲು ಬಿಡುತ್ತಿಲ್ಲ, ಇಲ್ಲವೇ ಬರೆದಿಡುತ್ತಿಲ್ಲ. ಎಷ್ಟು ಗಂಟೆಗೆ, ಎಲ್ಲಿ, ಆಮೇಲೆ ಏನು ಬದಲಿಸಿದೆವು ಎಂದು ಹೇಳುವ ಮನೆ ಒಳ್ಳೆಯದು. ಹಾಸಿಗೆಯಿಂದ ಬಾತ್‌ರೂಮಿನವರೆಗೆ ಮಂದ ದೀಪ ಹಾಕಿದೆವು, ಎದ್ದು ಕೂತು ಒಂದು ನಿಮಿಷ ಬಿಟ್ಟು ನಿಲ್ಲಿಸುತ್ತೇವೆ, ರಾತ್ರಿ ಒಂದಕ್ಕೆ ನಾವೇ ಎಬ್ಬಿಸಿ ಕರೆದುಕೊಂಡು ಹೋಗುತ್ತೇವೆ, ಹೀಗೆ.

ಹಿರಿಯರೊಬ್ಬರು ತೀರಿಕೊಂಡರೆ ಎರಡು ವರ್ಷ ಅವರ ಮೈ ತೊಳೆದವರಿಗೆ ಮರುದಿನ ರಜೆ ಕೊಡಬೇಕು. ಅದನ್ನು ನೀವು ಯಾರೂ ಕೇಳುವುದಿಲ್ಲ. ಮಕ್ಕಳು ಬಂದು ಅಳುತ್ತಾರೆ, ಎಲ್ಲರೂ ಮಕ್ಕಳನ್ನು ಸಮಾಧಾನ ಮಾಡುತ್ತಾರೆ. ಬಾಗಿಲ ಹಿಂದೆ ನಿಂತು ಅಳುವವಳ ಕೈಗೆ ಆಗಲೇ ಮುಂದಿನ ಹಾಸಿಗೆಯ ಬೆಡ್‌ಶೀಟ್ ಬಂದಿರುತ್ತದೆ.

ನೋಡಲು ಬರುವುದಾದರೆ ರಾತ್ರಿ 9ಕ್ಕೆ, ಪಾಳಿ ಬದಲಾಗುವಾಗ ಬನ್ನಿ. ಆಫೀಸಿನಲ್ಲಿ ಕೂರಬೇಡಿ. ಯಾರಾದರೂ ಒಬ್ಬ ಆರೈಕೆಯವರನ್ನು ನಿಲ್ಲಿಸಿ, ‘ಅಕ್ಕ, ಆ ಕಿಟಕಿ ಪಕ್ಕದ ಅಮ್ಮ ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತೆ ಅವರಿಗೆ?’ ಎಂದು ಕೇಳಿ. ಆಮೇಲೆ ಮೇಲ್ವಿಚಾರಕಿಯ ಹತ್ತಿರ ಹೋಗಿ ಕಳೆದ ದೀಪಾವಳಿಯ ರಾತ್ರಿಯ ಡ್ಯೂಟಿ ಚಾರ್ಟ್ ತೋರಿಸಲು ಹೇಳಿ. ಎಲ್ಲರೂ ಊರಿಗೆ ಹೊರಡುವ ರಾತ್ರಿ ಅದು, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಯಾರಿಗೆ ದೀಪಾವಳಿ ರಜೆ, ಯಾರಿಗೆ ಯುಗಾದಿ ರಜೆ, ಯಾರಿಗೆ ರಂಜಾನ್, ಯಾರಿಗೆ ಕ್ರಿಸ್‌ಮಸ್ ಎಂದು ಎರಡು ತಿಂಗಳು ಮುಂಚೆಯೇ ಹಂಚಿರಬೇಕು. ಆ ಹಾಳೆಯಲ್ಲಿ ನಾಲ್ಕು ಹೆಸರಿರಬೇಕು, ನಾಲ್ಕಕ್ಕೂ ಬೇರೆ ಬೇರೆ ಕೈಬರಹದ ಸಹಿ, ಸಹಿಯ ಮುಂದೆ ಬಂದ ಹೊತ್ತು.